ಕಲ್ಲಿನ ಜೊತೆ ಒಂದು ಚೀಟಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಒಬ್ಬಳೇ ಇಷ್ಟು ದೂರ ಹೊರಟಿರುವುದು ಇದೇ ಮೊದಲು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ದನಿಯಲ್ಲಿ ಅರ್ಧ ಹೆದರಿಕೆ, ಅರ್ಧ ಹೆಮ್ಮೆ. ದುಡ್ಡು ಎಲ್ಲಿಡಬೇಕು, ಯಾವ ಮಾತ್ರೆ ಒಯ್ಯಬೇಕು ಅನ್ನೋದನ್ನೆಲ್ಲ ಅವಳು ಹೇಳಿಯೇ ಇರುತ್ತಾಳೆ. ನಾನು ಹೇಳಬೇಕು ಅಂದುಕೊಂಡಿರುವುದು ಬೇರೆ. ಕಂಡದ್ದನ್ನು ಉಳಿಸಿಕೊಳ್ಳುವುದು ಹೇಗೆ ಅನ್ನೋದು. ಫೋನಿನಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬೀರುವಿನಲ್ಲಿ ಒಂದು ತಗಡಿನ ಡಬ್ಬಿ ಇದೆಯಲ್ಲ, ಚಿಕ್ಕವಳಿದ್ದಾಗ ನೀನು ಅಲ್ಲಾಡಿಸಿ ಸದ್ದು ಮಾಡುತ್ತಿದ್ದೆ. ಅದರಲ್ಲಿ ಒಂದು ಕಲ್ಲಿದೆ. ಹೆಬ್ಬೆರಳಿನ ತುದಿಯಷ್ಟು ದಪ್ಪ, ಬೂದಿ ಬಣ್ಣ. ನಡುವೆ ಒಂದು ಬಿಳಿ ಗೆರೆ, ದಾರ ಸುತ್ತಿದ ಹಾಗೆ ಪೂರ್ತಿ ಒಂದು ಸುತ್ತು ಬಂದಿದೆ. ನಿನ್ನ ದೊಡ್ಡಪ್ಪ ನೀರಿನಿಂದ ಎತ್ತಿ ನನ್ನ ಅಂಗೈಲಿಟ್ಟ ಕಲ್ಲು ಅದು. ಅವರ ಬೆರಳು ತಣ್ಣಗಿತ್ತು, ಕಲ್ಲಿನಿಂದ ನೀರು ಇಳಿದು ನನ್ನ ತೋಳಿನವರೆಗೂ ಬಂತು. ಅಷ್ಟು ನೆನಪಿದೆ. ಯಾವ ಊರು, ಯಾವ ನದಿ, ಅದು ನದಿಯೋ ಸಮುದ್ರವೋ, ಯಾವುದೂ ನೆನಪಿಲ್ಲ. ಕೇಳೋಣ ಅಂದರೆ ಅವರು ಈಗ ಇಲ್ಲ.

ಆ ರಾತ್ರಿ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಕಲ್ಲಿನ ಜೊತೆ ಇಟ್ಟಿದ್ದರೆ ಸಾಕಿತ್ತು. ಎರಡೇ ಸಾಲು ಪುಟ್ಟಿ. ನನ್ನ ಹಿತವಚನವೆಲ್ಲ ಇದರ ಸುತ್ತಲೇ ಇದೆ. ಏನನ್ನೇ ಉಳಿಸಿಕೊಂಡರೂ ಅದರ ಮಾತನ್ನು ಅವತ್ತೇ ಅದಕ್ಕೆ ಅಂಟಿಸು. ಇಲ್ಲದಿದ್ದರೆ ವಸ್ತು ಉಳಿಯುತ್ತದೆ, ಅದಕ್ಕೆ ಬಾಯಿ ಮಾತ್ರ ಇರುವುದಿಲ್ಲ.

ದೊಡ್ಡ ದೊಡ್ಡವರಿಗೂ ಹೀಗಾಗಿದೆ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ. ಜೇಬಿಗೆ ಹಿಡಿಸುವ ಸಣ್ಣ ಪುಸ್ತಕಗಳಲ್ಲಿ ಓಡಾಡುತ್ತಲೇ ಗುರುತು ಹಾಕಿಕೊಳ್ಳುತ್ತಿದ್ದ. ಅಷ್ಟು ಬರೆಯುತ್ತಿದ್ದ ಮನುಷ್ಯ 1835ರಲ್ಲಿ ಗಲಾಪಗೋಸ್ ದ್ವೀಪಗಳಲ್ಲಿ ಹಿಡಿದ ಸಣ್ಣ ಹಕ್ಕಿಗಳ ಮೇಲೆ ಯಾವುದು ಯಾವ ದ್ವೀಪದ್ದು ಅಂತ ಸರಿಯಾಗಿ ಚೀಟಿ ಹಚ್ಚಲಿಲ್ಲ. ಆಗ ಅದು ಮುಖ್ಯ ಅನ್ನಿಸಿರಲಿಲ್ಲ. ಊರಿಗೆ ಬಂದ ಮೇಲೆ, ಒಂದೊಂದು ದ್ವೀಪದ ಹಕ್ಕಿ ಒಂದೊಂದು ಥರ ಇರಬಹುದು ಅಂತ ಹೊಳೆದಾಗ, ಅದೇ ಹಡಗಿನಲ್ಲಿದ್ದ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ಇತರರು ಗುರುತು ಬರೆದಿಟ್ಟಿದ್ದ ಹಕ್ಕಿಗಳನ್ನು ನೋಡಬೇಕಾಯಿತು. ಯಾವುದು ಮುಂದೆ ಬೇಕಾಗುತ್ತದೆ ಅನ್ನೋದು ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಬರೆದಿಡಬೇಕು.

ಯಾವಾಗ ಬರೆಯಬೇಕು? ಅವತ್ತೇ ರಾತ್ರಿ, ಮಲಗುವ ಮುಂಚೆ. ವಾಪಸ್ ಬಂದ ಮೇಲೆ ಬರೆಯೋಣ ಅಂದುಕೊಂಡದ್ದನ್ನು ನಾನಂತೂ ಒಂದು ಸಲವೂ ಬರೆದಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ವಿದ್ವಾಂಸ ಇದ್ದ. ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದುಕೊಂಡು 1885ರಲ್ಲಿ ಪ್ರಕಟಿಸಿದ. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಜಾರಿಹೋಗುತ್ತಿತ್ತಂತೆ, ಆಮೇಲೆ ಮಾತ್ರ ನಿಧಾನ. ಪ್ರವಾಸದಲ್ಲಿ ಕಂಡದ್ದು ಅರ್ಥವಿಲ್ಲದ ಅಕ್ಷರಗಳಷ್ಟು ಬೇಗ ಹೋಗುವುದಿಲ್ಲ, ನಿಜ. ಆದರೂ ಮೊದಲು ಉದುರುವುದು ಸಣ್ಣ ಸಣ್ಣವೇ. ನಮಗೆ ಬೇಕಾದವೂ ಅವೇ ಅಲ್ವಾ?

ಏನು ಬರೆಯಬೇಕು ಅನ್ನೋದು ಇನ್ನೂ ಮುಖ್ಯ. "ಸೂರ್ಯಾಸ್ತ ಅದ್ಭುತವಾಗಿತ್ತು" ಅಂತ ಬರೆಯಬೇಡ. ಎಲ್ಲ ಸೂರ್ಯಾಸ್ತಕ್ಕೂ ಆ ಸಾಲು ಹೊಂದುತ್ತದೆ. "ಸೂರ್ಯ ಮುಳುಗುವಾಗ ಪಕ್ಕದ ಬೆಂಚಿನ ಅಜ್ಜಿ ಚಪ್ಪಲಿ ಬಿಚ್ಚಿ ಮರಳು ಕೊಡವುತ್ತಿದ್ದರು, ತಲೆ ಎತ್ತಿ ನೋಡಲೇ ಇಲ್ಲ" ಅಂತ ಬರೆ. ಹತ್ತು ವರ್ಷ ಬಿಟ್ಟು ಓದಿದರೂ ಆ ಸಂಜೆ ಎದ್ದು ಬರುತ್ತದೆ. ಯಾರು ಏನಂದರು, ನಿನಗೆ ಎಲ್ಲಿ ಹೆದರಿಕೆಯಾಯಿತು, ಯಾವ ಕಾಲು ನೋಯುತ್ತಿತ್ತು, ರೂಮಿನ ಕಿಟಕಿಯಿಂದ ಏನು ಕಾಣುತ್ತಿತ್ತು, ಇಂಥವು. ದಾರಿ ತಪ್ಪಿದ ದಿನವನ್ನು ಬಿಟ್ಟುಬಿಡಬೇಡ. ಸುಸ್ತಾಗಿದ್ದರೆ ಮೂರೇ ಸಾಲು ಬರೆ, ಆದರೆ ಒಂದು ರಾತ್ರಿಯೂ ತಪ್ಪಿಸಬೇಡ. ಪೆನ್ಸಿಲ್‌ನಲ್ಲಿ ಬರೆ. ಕೆಲವು ಪೆನ್ನಿನ ಶಾಯಿ ಒಂದು ಹನಿ ನೀರಿಗೇ ಹರಡುತ್ತದೆ. ಪೆನ್ಸಿಲ್ ಪುಡಿ ನೀರಿನಲ್ಲಿ ಕರಗುವುದಿಲ್ಲ, ಪುಸ್ತಕ ನೆನೆದರೂ ಒಣಗಿಸಿ ಓದಬಹುದು.

ಫೋಟೊ ತೆಗೆಯಬೇಡ ಅಂತ ಹೇಳುವವಳಲ್ಲ ನಾನು. ತೆಗಿ. ಆದರೆ ಕಂಡದ್ದಕ್ಕೆಲ್ಲ ಫೋನ್ ಎತ್ತಬೇಡ. ಲಿಂಡಾ ಹೆಂಕೆಲ್ ಅಂತ ಅಮೆರಿಕದ ಮನಃಶಾಸ್ತ್ರಜ್ಞೆಯೊಬ್ಬರು ವಿದ್ಯಾರ್ಥಿಗಳನ್ನು ಒಂದು ಮ್ಯೂಸಿಯಂ ಸುತ್ತಿಸಿದರು. ಕೆಲವು ವಸ್ತುಗಳ ಫೋಟೊ ತೆಗೆಯಿರಿ, ಕೆಲವನ್ನು ಸುಮ್ನೆ ನೋಡಿ ಅಂದರು. ಮರುದಿನ ಕೇಳಿದಾಗ, ಫೋಟೊ ತೆಗೆದ ವಸ್ತುಗಳಿಗಿಂತ ಸುಮ್ನೆ ನೋಡಿದವೇ ಹೆಚ್ಚು ನೆನಪಿದ್ದವು. 2014ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲೇ ಇನ್ನೊಂದು ವಿಷಯವೂ ಇದೆ. ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದು, ಅಂದರೆ ಜೂಮ್ ಮಾಡಿ, ತೆಗೆದಾಗ ನೆನಪಿಗೆ ಹೊಡೆತ ಬೀಳಲಿಲ್ಲವಂತೆ. ಗಮನ ಇಟ್ಟು ನೋಡಬೇಕಲ್ಲ, ಅದಕ್ಕೆ. ಹಾಗಾಗಿ ಮೊದಲು ಕಣ್ಣಲ್ಲಿ ನೋಡು, ಏನು ಹಿಡಿಸಿತೋ ಅದನ್ನು ಮಾತ್ರ ಹತ್ತಿರ ಹೋಗಿ ತೆಗಿ. ಇಡೀ ಕಟ್ಟಡದ ಚಿತ್ರ ಸಾವಿರ ಜನರ ಹತ್ತಿರ ಇರುತ್ತದೆ. ಅದರ ಬಾಗಿಲ ಮೆಟ್ಟಿಲು ಸವೆದು ಹಳ್ಳವಾಗಿರುವುದು ನಿನ್ನ ಫೋಟೊದಲ್ಲಿ ಮಾತ್ರ ಇರಲಿ.

ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊದ ಒಳಗೇ ದಿನಾಂಕ, ಸಮಯ, ಜಾಗ ಎಲ್ಲ ದಾಖಲಾಗುತ್ತದೆ. ಯಂತ್ರ ತಾನೇ ಹಚ್ಚುವ ಚೀಟಿ ಅದು, ಕಳೆದುಕೊಳ್ಳಬೇಡ. ವಾಟ್ಸಾಪ್‌ನಲ್ಲಿ ಮಾಮೂಲಿ ರೀತಿ ಫೋಟೊ ಕಳಿಸಿದರೆ ಈ ವಿವರ ಕಳಚಿಹೋಗುತ್ತದೆ, ಫೋಟೊವೂ ಕುಗ್ಗುತ್ತದೆ. ನಮಗೆ ತೋರಿಸುವುದಕ್ಕೆ ಕಳಿಸು, ಆದರೆ ಅಸಲನ್ನು ಅಳಿಸಬೇಡ. ಬಂದ ಮೇಲೆ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಕಡೆ, ಅದರಲ್ಲಿ ಒಂದಾದರೂ ಮನೆಯಿಂದ ಹೊರಗೆ. ಪೆನ್‌ಡ್ರೈವ್‌ನಲ್ಲಿ ಹಾಕಿ ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಅದೂ ಮರೆತುಬಿಡಬಹುದು.

ಟಿಕೆಟ್, ರಸೀದಿಗಳ ಬಗ್ಗೆ ಒಂದು ಎಚ್ಚರಿಕೆ. ನಾನೂ ದೊಡ್ಡಪ್ಪನೂ ಹೋದ ಒಂದು ಪ್ರವಾಸದ ಟಿಕೆಟ್‌ಗಳನ್ನೆಲ್ಲ ಆಲ್ಬಮ್‌ನ ಪ್ಲಾಸ್ಟಿಕ್ ಜೇಬಿನಲ್ಲಿ ಜೋಡಿಸಿ ಇಟ್ಟಿದ್ದೆ. ಕೆಲವು ವರ್ಷ ಬಿಟ್ಟು ತೆಗೆದು ನೋಡಿದರೆ ಅರ್ಧಕ್ಕರ್ಧ ಬರೀ ಬಿಳಿ ಕಾಗದ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ, ಒಂದು ಅಕ್ಷರವೂ ಕಾಣಲಿಲ್ಲ. ಅವು ಶಾಯಿಯಲ್ಲಿ ಅಚ್ಚಾದವಲ್ಲ, ಬಿಸಿ ತಾಗಿದರೆ ಕಪ್ಪಾಗುವ ಲೇಪನದ ಕಾಗದ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುತ್ತದೆ ನೋಡು, ಅದೇ. ಬಿಸಿಲು, ಸೆಖೆ, ಕೆಲವು ಪ್ಲಾಸ್ಟಿಕ್, ಅಂಟು, ಇವೆಲ್ಲ ಅದನ್ನು ಅಳಿಸುತ್ತವೆ. ಅಂಥ ಟಿಕೆಟ್ ಸಿಕ್ಕಿದ ದಿನವೇ ಫೋಟೊ ತೆಗಿ, ಅಥವಾ ಅದರಲ್ಲಿರುವುದನ್ನು ಹಿಂದುಗಡೆ ಪೆನ್ಸಿಲ್‌ನಲ್ಲಿ ಬರೆ. ಆಲ್ಬಮ್ ಕೊಳ್ಳುವಾಗಲೂ ಆಮ್ಲವಿಲ್ಲದ ಕಾಗದದ್ದು ಕೇಳಿ ತೆಗೆದುಕೊ. ಹಾಳೆಯ ಮೇಲೆ ಅಂಟು ಬಳಿದು ಪ್ಲಾಸ್ಟಿಕ್ ಮುಚ್ಚಿರುತ್ತದಲ್ಲ, ಅಂಥದ್ದು ಬೇಡವೇ ಬೇಡ. ಫೋಟೊ ಅಲ್ಲೇ ಹಿಡಿದುಕೊಂಡು, ಎಬ್ಬಿಸೋಕೆ ಹೋದರೆ ಹರಿಯುತ್ತದೆ.

ಕಲ್ಲು, ಚಿಪ್ಪು, ಹೂವು ಎಲ್ಲ ಕಡೆಯಿಂದಲೂ ತರುವ ಹಾಗಿಲ್ಲ. ಕಾಪಾಡಿಕೊಂಡು ಬಂದ ಕಾಡು, ಕಡಲತೀರಗಳಲ್ಲಿ ಅದು ತಪ್ಪು. ಹವಳವನ್ನಂತೂ ಮುಟ್ಟಬೇಡ, ಅದನ್ನು ಗಡಿ ದಾಟಿಸುವುದರ ಮೇಲೆ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡಿದೆ. ನನಗೆ ಈಗ ಒಂದು ಉಪಾಯ ಹೊಳೆದಿದೆ. ಕಲ್ಲು ಇಷ್ಟವಾದರೆ ಪುಸ್ತಕದ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆ. ಒಳಗೆ ಬಣ್ಣ, ಗೆರೆ, ಸಿಕ್ಕಿದ ಜಾಗ ಬರೆ. ಕಲ್ಲನ್ನು ಅಲ್ಲೇ ಬಿಟ್ಟು ಬಾ. ನನ್ನ ಡಬ್ಬಿಯ ಕಲ್ಲಿಗಿಂತ ನಿನ್ನ ಹಾಳೆಯ ಕಲ್ಲಿಗೆ ಜಾಸ್ತಿ ಗೊತ್ತಿರುತ್ತದೆ.

ಚಿತ್ರವನ್ನೂ ಬರೆ. ನಿನಗೆ ಬರುವುದಿಲ್ಲ ಅಂತ ಗೊತ್ತು, ಆದರೂ ಬರೆ. ಯಾರಿಗೂ ತೋರಿಸಬೇಕಾಗಿಲ್ಲ. ಒಂದು ಮರದ ಮುಂದೆ ಹತ್ತು ನಿಮಿಷ ಪೆನ್ಸಿಲ್ ಹಿಡಿದು ಕೂತರೆ, ಕೊಂಬೆ ಎಲ್ಲಿ ಕವಲೊಡೆದಿದೆ, ನೆರಳು ಯಾವ ಕಡೆ ಬಿದ್ದಿದೆ ಅಂತ ನೋಡಲೇಬೇಕಾಗುತ್ತದೆ. ಚಿತ್ರ ಸೊಟ್ಟಗಿದ್ದರೂ ಆ ಮರ ನಿನ್ನದಾಗುತ್ತದೆ.

ಸದ್ದನ್ನು ಜನ ಮರೆತೇಬಿಡುತ್ತಾರೆ. ದಿನಕ್ಕೆ ಒಂದು ನಿಮಿಷ ಫೋನಿನಲ್ಲಿ ಬರೀ ಸದ್ದು ರೆಕಾರ್ಡ್ ಮಾಡು. ಮೊದಲು ನಿನ್ನ ದನಿಯಲ್ಲಿ ದಿನಾಂಕ, ಜಾಗ ಹೇಳು, ಆಮೇಲೆ ಅಲ್ಲಾಡದೆ ನಿಲ್ಲು. ಗಾಳಿ ಜೋರಾಗಿದ್ದರೆ ಬೆನ್ನು ತಿರುಗಿಸಿ ಮೈಯನ್ನೇ ಮರೆ ಮಾಡಿಕೊ. ರೈಲ್ವೆ ಸ್ಟೇಷನ್ನಿನ ಘೋಷಣೆ, ಮಳೆ, ಗೊತ್ತಿಲ್ಲದ ಭಾಷೆಯಲ್ಲಿ ಮಕ್ಕಳ ಜಗಳ, ಏನಾದರೂ ಸರಿ. ಫೋಟೊ ಕಣ್ಣ ಮುಂದೆ ಇರುತ್ತದೆ, ಸದ್ದು ಸುತ್ತಲೂ ಇರುತ್ತದೆ. ಕಣ್ಣು ಮುಚ್ಚಿ ಕೇಳಿದರೆ ನೀನು ಮತ್ತೆ ಅಲ್ಲೇ ನಿಂತಿರುತ್ತೀಯ. ನಿನ್ನ ದೊಡ್ಡಪ್ಪನ ಫೋಟೊ ನನ್ನ ಹತ್ತಿರ ಬೇಕಾದಷ್ಟಿವೆ. ಅವರು ನಕ್ಕ ಸದ್ದು ಒಂದೂ ಇಲ್ಲ.

ವಾಸನೆಯದ್ದು ಇನ್ನೊಂದು ದಾರಿ. ಕಣ್ಣು, ಕಿವಿಯ ಸುದ್ದಿ ಮಿದುಳಿನಲ್ಲಿ ಥಾಲಮಸ್ ಅನ್ನುವ ಒಂದು ಠಾಣೆಯ ಮೂಲಕ ಹಾದು ಹೋಗುತ್ತದೆ. ಮೂಗಿನ ಸುದ್ದಿ ಅಲ್ಲಿ ನಿಲ್ಲದೆ, ಭಾವನೆ ಮತ್ತು ನೆನಪಿನ ಭಾಗಗಳ ಹತ್ತಿರಕ್ಕೆ ನೇರ ಹೋಗುತ್ತದೆ. ಹೊರಡುವ ಮುಂಚೆ ನೀನು ಯಾವತ್ತೂ ಬಳಸದ ಒಂದು ಸೋಪು ತೆಗೆದುಕೊ. ಪ್ರವಾಸ ಮುಗಿಯುವವರೆಗೆ ಅದನ್ನೇ ಬಳಸು. ಉಳಿದ ತುಂಡನ್ನು ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡು, ಮತ್ತೆ ಬಳಸಬೇಡ. ಒಂದು ಬೇಸರದ ದಿನ ಮುಚ್ಚಳ ತೆಗೆದು ನೋಡು.

ದಾರಿಯಲ್ಲಿ ಜೊತೆಯಾದವರು ಒಪ್ಪಿದರೆ ನಿನ್ನ ಪುಸ್ತಕದ ಒಂದು ಪುಟ ಅವರಿಗೆ ಕೊಡು. ಅವರ ಭಾಷೆಯಲ್ಲೇ ಬರೆಯಲಿ. ನೀನು ಗಮನಿಸದೇ ಬಿಟ್ಟದ್ದು ಅವರ ಕಣ್ಣಿಗೆ ಬಿದ್ದಿರುತ್ತದೆ. ಅವರ ಕೈಬರಹವೇ ಒಂದು ಗುರುತು.

ಬಂದ ಮೇಲೆ ಒಂದು ವಾರದೊಳಗೆ ಒಂದು ಸಂಜೆ ಬಿಡುವು ಮಾಡಿಕೊ. ಸಾವಿರ ಫೋಟೊದಲ್ಲಿ ಇಪ್ಪತ್ತು ಆರಿಸಿ ಪ್ರಿಂಟ್ ಹಾಕಿಸು. ಇಪ್ಪತ್ತೇ. ಆರಿಸುವುದು ಕಷ್ಟ ಅನ್ನಿಸುತ್ತದೆ, ಆದರೆ ಆ ಕಷ್ಟದಲ್ಲೇ ಇಡೀ ಪ್ರವಾಸ ಇನ್ನೊಂದು ಸಲ ಆಗುತ್ತದೆ. ಪ್ರತಿಯೊಂದರ ಹಿಂದೆ ಒಂದು ಸಾಲು ಬರೆ. ಬಾಲ್‌ಪೆನ್ನು ಒತ್ತಿ ಬರೆದರೆ ಗುರುತು ಮುಂದಕ್ಕೆ ಮೂಡುತ್ತದೆ, ಹಗುರ ಕೈ ಇರಲಿ. ಚೆನ್ನಾಗಿ ಬಂದ ಫೋಟೊನೇ ಆಗಬೇಕು ಅಂತಿಲ್ಲ. ಮಸುಕಾಗಿದ್ದರೂ ಹೇಳೋಕೆ ಮಾತಿರುವ ಫೋಟೊ ಇಟ್ಟುಕೊ.

ಕೊನೆಗೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಂಚೆ ಕಾರ್ಡು. 1869ರಲ್ಲಿ ಆಸ್ಟ್ರಿಯಾ-ಹಂಗೇರಿಯ ಅಂಚೆಯವರು ಮೊದಲು ಹೊರತಂದ ಸಣ್ಣ ರಟ್ಟು ಅದು. ಬಹಳಷ್ಟು ಕಡೆ ಇವತ್ತಿಗೂ ನಡೆಯುತ್ತದೆ. ಹೋದ ಪ್ರತಿ ಊರಿನಿಂದ ನಿನ್ನ ಹೆಸರಿಗೇ ಒಂದು ಹಾಕು. ಅಂಚೆ ಮುದ್ರೆಯಲ್ಲಿ ಊರು, ತಾರೀಖು ಎರಡೂ ಇರುತ್ತವೆ, ನೀನು ಬರೆಯುವುದು ಮರೆತರೂ ಚೀಟಿ ತಾನೇ ಬಂದು ಕೂತಿರುತ್ತದೆ. ಕೌಂಟರ್‌ನಲ್ಲಿ ಕೊಟ್ಟು, ಮುದ್ರೆ ಸ್ಪಷ್ಟವಾಗಿ ಒತ್ತಿ ಅಂತ ಕೇಳಿಕೊ. ಸಂಕೋಚ ಬೇಡ, ನಕ್ಕುಕೊಂಡೇ ಒತ್ತುತ್ತಾರೆ. ನೀನು ಮನೆ ಸೇರಿ ಎಷ್ಟೋ ದಿನ ಆದ ಮೇಲೆ ಒಂದೊಂದೇ ಬರುತ್ತವೆ. ಆ ಊರಿನ ನೀನು ಈ ಊರಿನ ನಿನಗೆ ಬರೆದ ಕಾಗದ ಅವು.

ಈ ಪತ್ರದ ಜೊತೆ ಒಂದು ಸಣ್ಣ ಪುಸ್ತಕ, ಎರಡು ಪೆನ್ಸಿಲ್ ಕಳಿಸಿದ್ದೇನೆ. ಪುಸ್ತಕದ ಕೊನೇ ಪುಟದಲ್ಲಿ ನನ್ನ ವಿಳಾಸ ಪಿನ್‌ಕೋಡ್ ಸಮೇತ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನನಗೂ ಒಂದು ಕಾರ್ಡು ಹಾಕು. ಮಳೆಯಲ್ಲಿ ನೆನೆದು ಮುದುರಿ ಬಂದರೂ ಪರವಾಗಿಲ್ಲ, ಮುದ್ರೆ ಓದೋಕೆ ಬಂದರೆ ಸಾಕು. ಅದನ್ನು ಇಡೋಕೆ ಡಬ್ಬಿಯಲ್ಲಿ, ಆ ಕಲ್ಲಿನ ಪಕ್ಕ ಜಾಗ ಮಾಡಿದ್ದೇನೆ.

ಇಂತಿ,
ನಿನ್ನ ದೊಡ್ಡಮ್ಮ