ವೇಗವರ್ಧಕದಲ್ಲಿ ಇಂಗಾಲದ ಇನ್ನೊಂದು ಪಾತ್ರ

ಮಾನ್ಯ ಸಂಪಾದಕರೇ,

ಡೀಸೆಲ್‌ನಿಂದ ಗಂಧಕವನ್ನು ಬೇರ್ಪಡಿಸುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ರಿಫೈನರಿಯೊಳಗಿನ ರಸಾಯನವಿಜ್ಞಾನಕ್ಕೆ ದಿನಪತ್ರಿಕೆಯೊಂದು ಇಷ್ಟು ಜಾಗ ಕೊಟ್ಟಿದ್ದು ಸಂತೋಷದ ವಿಷಯ. ಆದರೆ ವೇಗವರ್ಧಕದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ, ಮೇಲೆ ಸೇರುವ ಇಂಗಾಲವೆಲ್ಲ ಹಾನಿಕರ ಎಂಬ ಅರ್ಥ ಬರುವಂತೆ ಅಲ್ಲಿ ಬರೆದಿರುವುದು ಅರ್ಧಸತ್ಯವಾಗಿದ್ದು, ಉಳಿದರ್ಧವನ್ನೂ ಓದುಗರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಅನೇಕ ದೇಶಗಳು ಡೀಸೆಲ್‌ನಲ್ಲಿ ಗಂಧಕದ ಪ್ರಮಾಣವನ್ನು 10 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 10 ಭಾಗಕ್ಕೆ) ಮಿತಿಗೊಳಿಸಿವೆ. ಈ ಮಟ್ಟ ತಲುಪಲು ತೈಲವನ್ನು ಸುಮಾರು 300ರಿಂದ 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅಧಿಕ ಒತ್ತಡದ ಜಲಜನಕದೊಂದಿಗೆ ವೇಗವರ್ಧಕದ ಮೂಲಕ ಹಾಯಿಸುತ್ತಾರೆ. ಗಂಧಕ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಹೊರಬೀಳುತ್ತದೆ. ಇಲ್ಲಿ ಕೆಲಸ ಮಾಡುವುದು ರಂಧ್ರಭರಿತ ಅಲ್ಯುಮಿನಾದ (ಅಲ್ಯೂಮಿನಿಯಂ ಆಕ್ಸೈಡ್‌ನ) ಮೇಲೆ ಹರಡಿರುವ ಮಾಲಿಬ್ಡಿನಂ ಡೈಸಲ್ಫೈಡ್‌ನ ಅತಿ ಚಿಕ್ಕ ಹರಳುಗಳು. ಎರಡು ಸಾಲು ಗಂಧಕದ ನಡುವೆ ಒಂದು ಸಾಲು ಮಾಲಿಬ್ಡಿನಂ ಇರುವ ಈ ಹರಳುಗಳು ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ಅಗಲವಾದ ಮುಖ ಬಹುಮಟ್ಟಿಗೆ ಜಡ. ಕ್ರಿಯೆ ನಡೆಯುವುದು ಅಂಚಿನಲ್ಲಿ. ಕೋಬಾಲ್ಟ್ ಅಥವಾ ನಿಕಲ್ ಸೇರಿಸಿದಾಗ ಅವು ಹೋಗಿ ಕೂರುವುದೂ ಅಲ್ಲಿಯೇ. ಹೀಗಾಗಿ ಇಂಗಾಲ ಎಲ್ಲಿ ಸೇರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಕೋಕ್, ಅಂದರೆ ವೇಗವರ್ಧಕದ ಮೇಲೆ ಕೂರುವ ಇಂಗಾಲಭರಿತ ಮಸಿ, ಹಾನಿಕರವೆಂದು ಲೇಖಕರು ಹೇಳಿದ್ದು ಸರಿಯಾಗಿದೆ. ತೈಲದ ಭಾರವಾದ ಅಣುಗಳು ಒಂದಕ್ಕೊಂದು ಕೂಡಿಕೊಂಡು ಅಲ್ಯುಮಿನಾದ ರಂಧ್ರಗಳಲ್ಲಿ ಶೇಖರವಾಗುತ್ತವೆ, ದಾರಿ ಕಟ್ಟುತ್ತವೆ, ಕ್ರಿಯಾಸ್ಥಾನಗಳನ್ನು ಮುಚ್ಚುತ್ತವೆ. ಈ ಶೇಖರಣೆ ಆರಂಭದಲ್ಲಿ ವೇಗವಾಗಿ ಸಾಗಿ, ಬಳಿಕ ನಿಧಾನವಾಗುತ್ತದೆ.

ಆದರೆ 2000ದ ದಶಕದ ಆರಂಭದಲ್ಲಿ ವೇಗವರ್ಧಕಗಳ ಸಂಶೋಧಕ ರಸೆಲ್ ಕಿಯಾನೆಲ್ಲಿ ಮತ್ತು ಅವರ ಸಹೋದ್ಯೋಗಿಗಳು ಮುಂದಿಟ್ಟ ವಿಚಾರ ಇದಕ್ಕಿಂತ ಸ್ವಾರಸ್ಯಕರವಾದದ್ದು. ತೈಲ ಹರಿಯುತ್ತಿರುವಾಗ ಹರಳಿನ ಅಂಚಿನಲ್ಲಿರುವ ಕೆಲವು ಗಂಧಕ ಪರಮಾಣುಗಳು ಜಾಗ ಬಿಡುತ್ತವೆ, ಅಲ್ಲಿಗೆ ಇಂಗಾಲದ ಪರಮಾಣುಗಳು ಬಂದು ನೇರವಾಗಿ ಲೋಹಕ್ಕೆ ಅಂಟಿಕೊಳ್ಳುತ್ತವೆ, ಮತ್ತು ನಾವು ಸಲ್ಫೈಡ್ ಎಂದು ಕರೆಯುವ ವಸ್ತು ಕೆಲಸದ ಹೊತ್ತಿನಲ್ಲಿ ತನ್ನ ಅಂಚಿನ ಮಟ್ಟಿಗೆ ಕಾರ್ಬೈಡ್‌ನ (ಲೋಹ ಮತ್ತು ಇಂಗಾಲದ ಸಂಯುಕ್ತದ) ಗುಣವನ್ನು ಪಡೆಯುತ್ತದೆ ಎಂಬುದು ಅವರ ವಾದ. ಅಂಚಿನ ಈ ಇಂಗಾಲವನ್ನು ಅವರು ರಚನಾತ್ಮಕ ಇಂಗಾಲವೆಂದು ಕರೆದರು. ಹರಳುಗಳು ಬೆಳೆದು ದಪ್ಪವಾಗದಂತೆ, ಅಂಚುಗಳು ಸವೆಯದಂತೆ ತಡೆದು ವೇಗವರ್ಧಕವನ್ನು ಸ್ಥಿರಗೊಳಿಸುವುದರಲ್ಲಿ ಅದರ ಪಾತ್ರವಿದೆ ಎಂದರು. ಇಂಗಾಲವುಳ್ಳ ಥಯೋಮಾಲಿಬ್ಡೇಟ್ ಲವಣಗಳನ್ನು (ಮಾಲಿಬ್ಡಿನಂ ಮತ್ತು ಗಂಧಕವಿರುವ ಲವಣಗಳನ್ನು) ಕಾಯಿಸಿ ತಯಾರಿಸಿದ ಸಲ್ಫೈಡ್‌ನಲ್ಲಿ ಮೇಲ್ಮೈ ವಿಸ್ತಾರ ಹೆಚ್ಚಿಗೆ ಸಿಗುವುದೂ ಇದಕ್ಕೆ ಹೊಂದಿಕೊಳ್ಳುತ್ತದೆ. ಕೋಬಾಲ್ಟ್ ಅಂಚನ್ನೇ ಪ್ರಧಾನವಾಗಿಸಿ ವಿವರಿಸುವ ಡೆನ್ಮಾರ್ಕ್‌ನ ಟಾಪ್ಸೊ ಸಂಶೋಧಕರ ಬಳಗದ ಮಾದರಿಯೊಂದಿಗೆ ಇದನ್ನು ಹೇಗೆ ಜೋಡಿಸಬೇಕೆಂಬ ಚರ್ಚೆ ಇದೆ, ನಿಜ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಕೋಬಾಲ್ಟ್-ಮಾಲಿಬ್ಡಿನಂ ವೇಗವರ್ಧಕದ ಹೊಸ ಕಡ್ಡಿಗಳು ಆಕ್ಸೈಡ್ ರೂಪದಲ್ಲಿರುವಾಗ ನೀಲಿ ಛಾಯೆಯವು. ಸಲ್ಫೈಡ್ ಆದಾಗ ಕಪ್ಪಾಗುತ್ತವೆ, ಬಳಸಿ ಹೊರತೆಗೆದಾಗಲೂ ಕಪ್ಪಾಗಿಯೇ ಇರುತ್ತವೆ. ಸಲ್ಫೈಡಿನ ಕಪ್ಪು ಎಷ್ಟು, ಕೋಕ್‌ನ ಕಪ್ಪು ಎಷ್ಟು, ಅಂಚಿನಲ್ಲಿ ಬೆಸೆದ ಇಂಗಾಲ ಎಷ್ಟು ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಳಸಿದ ವೇಗವರ್ಧಕವನ್ನು ಸುಟ್ಟು ಅಳೆದರೂ ದೊರೆಯುವುದು ಒಟ್ಟು ಇಂಗಾಲದ ಶೇಕಡಾವಾರು ಲೆಕ್ಕ ಮಾತ್ರ. ಲೇಖನದಲ್ಲಿ ಹಾನಿಯ ಅಳತೆಯಾಗಿ ಬಳಸಿರುವುದು ಈ ಲೆಕ್ಕವನ್ನೇ. ಅಂಚಿನ ಇಂಗಾಲ ಪ್ರಮಾಣದಲ್ಲಿ ಅಲ್ಪವಾದ್ದರಿಂದ ಕೋಕ್‌ನ ರಾಶಿಯಲ್ಲಿ ಅದು ಕಾಣದೇ ಹೋಗುತ್ತದೆ. ಎಕ್ಸ್-ಕಿರಣ ಹೀರಿಕೆಯಂಥ ವಿಧಾನಗಳಿಂದಲೇ ಅದನ್ನು ಗುರುತಿಸಬೇಕು.

ಬಳಸಿದ ವೇಗವರ್ಧಕವನ್ನು ಮತ್ತೆ ಬಳಕೆಗೆ ಸಿದ್ಧಗೊಳಿಸುವ ಪುನಶ್ಚೇತನದ ಸಂಗತಿಯೂ ಇದಕ್ಕೆ ಹೊಂದಿಕೊಂಡೇ ಇದೆ. ನಿಯಂತ್ರಿತ ಗಾಳಿಯಲ್ಲಿ ಕೋಕ್ ಸುಡುವಾಗ ಗಂಧಕವೂ ಸುಟ್ಟು ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಲೋಹಗಳು ಆಕ್ಸೈಡ್‌ಗೆ ಮರಳುತ್ತವೆ, ಅಂಚಿನ ಇಂಗಾಲ ಉಳಿಯುವುದಿಲ್ಲ. ಅಂದರೆ ಮತ್ತೆ ಸಲ್ಫೈಡ್ ಮಾಡಿ ತೈಲ ಹರಿಸಿದಾಗ ಆ ಅಂಚು ಹೊಸದಾಗಿ ರೂಪುಗೊಳ್ಳಬೇಕು. ಹಾಗಾಗಿ "ಇಂಗಾಲ ಸುಟ್ಟರೆ ವೇಗವರ್ಧಕ ಹೊಸದಾಗುತ್ತದೆ" ಎಂಬ ಲೇಖನದ ವಾಕ್ಯವನ್ನು ತಿದ್ದಿ, ರಚನಾತ್ಮಕ ಇಂಗಾಲದ ಕುರಿತು ಈ ಕ್ಷೇತ್ರದ ಸಂಶೋಧಕರಿಂದ ಇನ್ನೊಂದು ಲೇಖನ ಬರೆಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ