ಹುಳಿ ಬಿಯರ್ ಕೆಟ್ಟ ಬಿಯರ್ ಅಲ್ಲ

ಮಾನ್ಯರೇ,

ಹುಳಿ ಬಿಯರ್ ಎಂದರೆ ಕೆಟ್ಟುಹೋದ ಬಿಯರ್ ಎಂಬ ಮಾತು ತಪ್ಪು. ನಮ್ಮ ರಾಯಚೂರು ಸೀಮೆಯಲ್ಲಿ ಅಂಬಲಿಗೆಂದು ಜೋಳದ ಹಿಟ್ಟು ಕಲಸಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಮೇಲೆ ಸಣ್ಣ ಗುಳ್ಳೆ ಎದ್ದಿರುತ್ತವೆ. ಅದನ್ನು ಹುಳಿ ಬಂದಿದೆ ಅಂತೀವಿ, ಕೆಟ್ಟಿದೆ ಅನ್ನುವುದಿಲ್ಲ.

ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತಲಿನ ಲ್ಯಾಂಬಿಕ್ ಎಂಬ ಹುಳಿ ಬಿಯರಿಗೂ ಯಾರೂ ಯೀಸ್ಟ್ (ಹುದುಗು ಬರಿಸುವ ಸೂಕ್ಷ್ಮಜೀವಿ) ಹಾಕುವುದಿಲ್ಲ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಸುಮಾರು ಮೂರನೇ ಒಂದು ಪಾಲು ಮೊಳಕೆ ಬರಿಸದ ಗೋಧಿ, ಹಳೆಯದಾಗಿ ಕಹಿ ಇಳಿದ ಹಾಪ್ಸ್ ಎಂಬ ಹೂವು ಹಾಕಿ ಕುದಿಸಿ, ಅಗಲವಾದ ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ; ಗಾಳಿಯಲ್ಲಿರುವ ಯೀಸ್ಟ್ ತಾನಾಗಿಯೇ ಬಂದು ಸೇರುತ್ತದೆ. ಇದು ಚಳಿಗಾಲದ ಕೆಲಸ. ಸೆಖೆಯಲ್ಲಿ ರಸ ಬೇಗ ಆರುವುದಿಲ್ಲ, ಬೇಡದ ಬ್ಯಾಕ್ಟೀರಿಯಾ ಹೊಕ್ಕು ವಾಸನೆ ಕೆಡುತ್ತದೆ. ಆರಿದ ರಸ ಆಮೇಲೆ ಓಕ್ ಮರದ ಪೀಪಾಯಿ ಸೇರಿ ಹುದುಗುತ್ತದೆ.

ನಿಜವಾದ ಹದ ಇರುವುದು ಬೆರಕೆಯಲ್ಲಿ. 1, 2, 3 ವರ್ಷದ ಲ್ಯಾಂಬಿಕ್ಕನ್ನು ಪೀಪಾಯಿ ಪೀಪಾಯಿಯ ರುಚಿ ನೋಡಿ ಕೂಡಿಸಿದರೆ ‘ಗೂಝ್’. ಹಳೆಯದು ಹುಳಿ, ಘಮ ಕೊಡುತ್ತದೆ. ಎಳೆಯದರಲ್ಲಿ ಉಳಿದ ಸಕ್ಕರೆ ಅಂಶ ಬಾಟಲಿಯೊಳಗೆ ಮತ್ತೆ ಹುದುಗಿ ನೊರೆ ಏಳಿಸುತ್ತದೆ. ಅದು ಕಡಿಮೆಯಾದರೆ ಗುಳ್ಳೆಯೇ ಇಲ್ಲ, ಹೆಚ್ಚಾದರೆ ಗ್ಯಾಸ್ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ. 19ನೇ ಶತಮಾನದಲ್ಲಿ ಗೂಝ್ ತುಂಬಲು ಷಾಂಪೇನಿನ ದಪ್ಪ ಗಾಜಿನ ಬಾಟಲಿ ಬಳಕೆಗೆ ಬಂದದ್ದು ಒತ್ತಡ ತಡೆಯಲೆಂದೇ.

– ಹುದುಗು ಆಹಾರದ ಆಸಕ್ತರು, ರಾಯಚೂರು