ಅಜ್ಜನ ಕಾಗದಪತ್ರ ಸುಡಬೇಡಿ

ಪುಟ್ಟೀ,

ವಕೀಲರಾಗಿದ್ದ ಅಜ್ಜನ ಕಾಗದಪತ್ರ ಏನ್ಮಾಡ್ತೀರಾ ಅಂತ ಕೇಳಿದ್ಯಲ್ಲ, ಮಾಮ ಹೇಳೋದು ಕೋರ್ಟಿನ ಕಟ್ಟುಗಳನ್ನ ಇಟ್ಕೊಳ್ಳೋಣ ಮನೆ ಪತ್ರಗಳನ್ನ ಸುಟ್ಟುಬಿಡೋಣ, ಗಂಡ ಹೆಂಡತಿ ಬರ್ಕೊಂಡಿದ್ದು ಊರಿಗ್ಯಾಕೆ ಅಂತ. ನಂಗೆ ಸುತಾರಾಂ ಒಪ್ಪಿಗೆ ಇಲ್ಲ.

1974ರ ಭೂಸುಧಾರಣೆ ಟೈಮಲ್ಲಿ ಗೇಣಿದಾರರು ಉಳೋ ಜಮೀನು ತಮ್ಮ ಹೆಸರಿಗಾಗ್ಲಿ ಅಂತ ಕೊಡೋ ಅರ್ಜಿ, ಏಳನೇ ನಂಬರ್ ಫಾರಂ ಹಿಡ್ಕೊಂಡು ನಮ್ಮ ಜಗಲಿಗೇ ಬರ್ತಿದ್ರು, ಅಜ್ಜ ತುಂಬಿಸಿ ಕೊಡ್ತಿದ್ರು, ಅದೇ ಹೊತ್ತಿಗೆ ನಮ್ಮ ಗದ್ದೆನೂ ಗೇಣಿಗೆ ಮಾಡೋರ ಪಾಲಾಗ್ತಿತ್ತು. ಆ ಸಂಕಟ ಯಾವ ಫೈಲಲ್ಲೂ ಇಲ್ಲ ಕಣೆ, ತವರಲ್ಲಿದ್ದ ಅಜ್ಜಿಗೆ ಬರೆದ ಇನ್‌ಲ್ಯಾಂಡ್ ಲೆಟರಲ್ಲಿದೆ. ಎರಡನ್ನೂ ಬೇರೆ ಮಾಡಿದ್ರೆ ಎರಡೂ ಅರ್ಧ ಆಗುತ್ತೆ.

ನೀನಿರೋ ಬೋಸ್ಟನ್ನಲ್ಲೇ ಆಡಮ್ಸ್ ಮನೆತನದ ಕಾಗದಪತ್ರ ಇದೆ, ಅಪ್ಪ ಅಮೆರಿಕದ ಎರಡನೇ ಪ್ರೆಸಿಡೆಂಟ್, ಮಗ ಆರನೇ. 1776ರ ಜುಲೈನಲ್ಲಿ ಜಾನ್ ಆಡಮ್ಸ್ ಫಿಲಡೆಲ್ಫಿಯಾದಲ್ಲಿ ದೇಶದ ಕೆಲಸದಲ್ಲಿದ್ರೆ ಹೆಂಡತಿ ಅಬಿಗೇಲ್ ಬೋಸ್ಟನ್ನಲ್ಲಿ ಮಕ್ಕಳಿಗೂ ತನಗೂ ಸಿಡುಬಿನ ಮದ್ದು ಹಾಕಿಸ್ಕೊಂಡು ಕೂತಿದ್ಲು, ಸ್ವಾತಂತ್ರ್ಯ ಘೋಷಣೆ ಓದಿದಾಗ ಜನರ ಮಧ್ಯೆ ನಿಂತು ಕೇಳಿ ಗಂಡನಿಗೆ ಬರೆದ್ಲು. ತನ್ನ ಪತ್ರ ಸುಟ್ಟುಬಿಡಿ ಅಂತ ಅವಳು ಹೇಳಿದ್ದೂ ಉಂಟು, ಆತ ಸುಡ್ಲಿಲ್ಲ, ಪತ್ರಗಳ ನಕಲು ಬರೆದಿಡೋಕೆ ದೊಡ್ಡ ಪುಸ್ತಕ ತಗೊಂಡು ಅವಳಿಗೂ ಒಂದು ಕಳಿಸ್ತೀನಿ ಅಂದ. ಮಗ ಜಾನ್ ಕ್ವಿನ್ಸಿ 12ನೇ ವಯಸ್ಸಿಗೆ ಶುರು ಮಾಡಿದ ಡೈರಿ 51 ಸಂಪುಟ ಆಯ್ತು, ಬೆಂಕಿ ತಾಗದ ಕಟ್ಟಡದಲ್ಲಿ ಪುಸ್ತಕ ಕಾಗದ ಇಡ್ಬೇಕು ಅಂತ ಅವನ ಆಸೆ, ಅವನ ಮಗ 1870ರಲ್ಲಿ ಕ್ವಿನ್ಸಿ ಊರಲ್ಲಿ ಕಲ್ಲಿನ ಲೈಬ್ರರಿ ಕಟ್ಟಿಸಿದ. ಮುಂದೆ ಕಾಗದಪತ್ರ ಎಲ್ಲ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಹೋಯ್ತು, 1950ರ ದಶಕದಲ್ಲಿ ಮೈಕ್ರೋಫಿಲ್ಮ್ ಮಾಡಿದಾಗ 608 ರೀಲು! ತಲೆಮಾರಿಂದ ತಲೆಮಾರಿಗೆ ಇಷ್ಟೊಂದು ಉಳಿಸ್ಕೊಂಡು ಬಂದ್ರಲ್ಲ, ಅದೇ ದೊಡ್ಡದು ನಂಗೆ.

ನಮ್ಮ ಮಲೆನಾಡಲ್ಲಿ ಬೆಂಕಿಗಿಂತ ಮಳೆಗಾಲದ ಥಂಡಿ, ಗೆದ್ದಲು. ಅದ್ಕೆ ಟ್ರಂಕನ್ನ ಅಟ್ಟದಿಂದ ಇಳಿಸಿ ಗೋಡೆಗೆ ತಾಗದ ಹಾಗೆ ಮಣೆ ಮೇಲೆ ಇಟ್ಟಿದೀನಿ. ತುಕ್ಕು ಹಿಡಿದ ಗುಂಡುಪಿನ್ನು ಮೆಲ್ಲಗೆ ತೆಗೀತಿದೀನಿ, ಹರಿದಿದ್ದಕ್ಕೆ ಸೆಲೋಟೇಪ್ ಹಚ್ಚೋದು ಲ್ಯಾಮಿನೇಷನ್ ಮಾಡ್ಸೋದು ಬೇಡವೇ ಬೇಡ, ನಂಬರ್ ಹಾಕೋದು ಪೆನ್ಸಿಲ್ಲಲ್ಲಿ ಮಾತ್ರ. ಅಜ್ಜ ಕಟ್ಟಿದ ಕ್ರಮ ಕೆಡಿಸ್ತಿಲ್ಲ, ಯಾವುದರ ಜೊತೆ ಯಾವುದಿತ್ತು ಅನ್ನೋದೂ ಗೊತ್ತಾಗ್ಬೇಕಲ್ಲ. ಸ್ಕ್ಯಾನ್ ಮಾಡೋಣ, ಆದ್ರೆ ಆಮೇಲೆ ಮೂಲ ಎಸೆಯೋ ಮಾತು ಆಡ್ಬೇಡ.

ಮಾಮನ ಮಾತಲ್ಲಿ ಒಂದು ನಿಜ ಇದೆ, ಕಕ್ಷಿದಾರರ ಮನೆ ಗುಟ್ಟುಗಳಿವೆ, ಅವರ ಮಕ್ಕಳು ಇನ್ನೂ ಇದೇ ಊರಲ್ಲಿದಾರೆ. ಅಂಥ ಕಟ್ಟುಗಳನ್ನ ಬೇರೆ ಪೆಟ್ಟಿಗೇಲಿ ಬೀಗ ಹಾಕಿಟ್ಟು ಇಷ್ಟು ವರ್ಷ ತೆಗೀಬಾರ್ದು ಅಂತ ಬರೆದಿಡೋಣ, ಯಾವ ಕಟ್ಟಿಂದ ತೆಗೆದಿದ್ದು ಅನ್ನೋ ಚೀಟಿನೂ ಇಡೋಣ.

ನೀನು ಒಂದಿನ ಆ ಸೊಸೈಟಿಗೆ ಹೋಗಿ ಪಟ್ಟಿ ಹೇಗೆ ಮಾಡ್ತಾರೆ ಕೇಳ್ಕೊಂಡು ಬಾ, ಮತ್ತೆ ಮಾಮನಿಗೆ ನೀನೇ ಫೋನ್ ಮಾಡು, ನಿನ್ನ ಮಾತಾದ್ರೆ ಕೇಳ್ತಾನೆ.

ನಿನ್ನ ಅಮ್ಮ